ಮುಂಗಡದ ಪುಸ್ತಕವನ್ನೊಮ್ಮೆ ತೆರೆದು ನೋಡಿ
(ರೇಷ್ಮೆ ಉದ್ದಿಮೆದಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸರಪಳಿ, ಹಡಗು, ಮನುಷ್ಯರನ್ನು ಹರಾಜಿಗಿಡುವ ಸಂತೆ. ಅದೆಲ್ಲ ಎಂದೋ ಮುಗಿದುಹೋಯಿತೆಂಬ ಸಮಾಧಾನವೂ ನಮಗಿದೆ. ಆದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಇತರ ಸಂಸ್ಥೆಗಳೊಡನೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಹಿಂದಿನ ವರ್ಷ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ಅವರಲ್ಲಿ ಹೆಚ್ಚಿನವರ ಕಾಲಿಗೆ ಸರಪಳಿಯಿರಲಿಕ್ಕಿಲ್ಲ. ಅದರ ಕೆಲಸವನ್ನು ಎಷ್ಟೋ ಕಡೆ ಸಾಲವೇ ಮಾಡುತ್ತದೆ.

ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ನಮ್ಮ ಸಮುದಾಯದ ಸಾವಿರಾರು ಮನೆಗಳ ಅನ್ನ. ನೂಲು ತೆಗೆಸುವವರಲ್ಲಿಯೂ ನಮ್ಮವರಿದ್ದಾರೆ, ಕುದಿನೀರಿಗೆ ಕೈಯಿಕ್ಕಿ ಗೂಡಿನ ಎಳೆ ಹುಡುಕುವವರಲ್ಲಿಯೂ ಇದ್ದಾರೆ. ಆದ್ದರಿಂದ ಈ ಮಾತನ್ನು ಹೊರಗಿನವರ ಅಪಪ್ರಚಾರವೆಂದು ತಳ್ಳಿಹಾಕುವುದು ಸುಲಭವಲ್ಲ, ಸಲ್ಲದು ಕೂಡ. ಭಾರತದ ರೇಷ್ಮೆ ಉದ್ಯಮದಲ್ಲಿನ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಹೊರತಂದ ವರದಿಯಲ್ಲಿ ಕರ್ನಾಟಕವೂ ಇತ್ತು. ತಂದೆತಾಯಿ ಪಡೆದ ಮುಂಗಡಕ್ಕಾಗಿ ದಿನಕ್ಕೆ 12 ಗಂಟೆ ದುಡಿಯುವ, ಬಿಸಿನೀರಿನಲ್ಲಿ ಬೆರಳು ಬೊಬ್ಬೆಯೆದ್ದ ಮಕ್ಕಳ ಚಿತ್ರ ಅದರಲ್ಲಿದೆ. ಆ ಬಳಿಕ ಯಂತ್ರಗಳು ಬಂದಿವೆ, ತಪಾಸಣೆಗಳೂ ನಡೆದಿವೆ. ಮುಂಗಡದ ಪದ್ಧತಿ ಮಾತ್ರ ಅಷ್ಟು ಬೇಗ ಬಿಟ್ಟುಹೋಗುವಂಥದ್ದಲ್ಲ.

ಮುಂಗಡ ಕೊಡುವುದೇ ಅಪರಾಧವೇ ಎಂದು ಕೇಳುವವರಿದ್ದಾರೆ. ಅಲ್ಲ. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಮಾಲಿಕನಲ್ಲದೆ ಬಡವನಿಗೆ ಯಾರು ಕೊಡುತ್ತಾರೆ? ಆದರೆ "ಸಾಲ ತೀರುವ ತನಕ ಬೇರೆಡೆ ಹೋಗಕೂಡದು" ಎಂಬ ಷರತ್ತು ಸೇರಿದ ಗಳಿಗೆಯಲ್ಲಿ ಅದು ಉಪಕಾರವಾಗಿ ಉಳಿಯುವುದಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯಂತೆ ಅಂಥ ಸಾಲವೇ ರದ್ದು. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಸಾಲ ಕೊಟ್ಟವನದ್ದೇ. 1982ರಲ್ಲಿ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಹಸಿವಿನ ಒತ್ತಡಕ್ಕೆ ಸಿಲುಕಿ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದು ಸಹ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ನಮ್ಮಲ್ಲಿ ಎಷ್ಟು ಮಂದಿ ಈ ತೀರ್ಪಿನ ಎದುರು ನಿಶ್ಚಿಂತೆಯಿಂದ ನಿಲ್ಲಬಲ್ಲೆವು?

ಹಾಗೆಂದು ಎಲ್ಲ ತಪ್ಪನ್ನೂ ಸಣ್ಣ ರೀಲರ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನು ಗೂಡು ಮಾರುಕಟ್ಟೆಯಲ್ಲಿ ಹಣವೆಣಿಸಿ ಗೂಡು ಕೊಳ್ಳಬೇಕು, ನೂಲಿನ ಹಣಕ್ಕೆ ಎಷ್ಟೋ ಸಲ ವ್ಯಾಪಾರಿಯ ಬಾಗಿಲು ಕಾಯಬೇಕು. ಆ ಇಕ್ಕಟ್ಟನ್ನು ಅವನು ಕೆಳಗಿನವನ ಕೂಲಿಗೆ ವರ್ಗಾಯಿಸುತ್ತಾನೆ. ಮೇಲಿನ ದೊಡ್ಡ ಮಳಿಗೆಯವರಿಗೆ ಸೀರೆಯ ಅಂಚಿನ ಜರಿಯ ಗುಣಮಟ್ಟ ಗೊತ್ತು. ನೂಲು ಯಾರ ಕೈಯಿಂದ ಬಂತೆಂದು ಮಾತ್ರ ಗೊತ್ತಿಲ್ಲ! ಬ್ರಿಟನ್ನಿನ 2015ರ ಕಾಯಿದೆ 3 ಕೋಟಿ 60 ಲಕ್ಷ ಪೌಂಡ್ ಮತ್ತು ಮೇಲ್ಪಟ್ಟ ವಹಿವಾಟಿನ ಕಂಪೆನಿಗಳು, ತಮ್ಮ ಸರಕು ಬರುವ ದಾರಿಯಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕೆನ್ನುತ್ತದೆ. ತಮಾಷೆಯೆಂದರೆ, "ಏನೂ ಮಾಡಿಲ್ಲ" ಎಂದು ಬರೆದರೂ ಆ ಕಾಯಿದೆಯ ಪಾಲನೆಯಾದಂತೆಯೇ.

ಇಲ್ಲಿ ನಾವು ಮಾಡಬಹುದಾದ ಕೆಲಸಕ್ಕೆ ಯಾವ ವಿದೇಶಿ ಕಾಯಿದೆಯೂ ಬೇಕಿಲ್ಲ. ಮುಂಗಡದ ಲೆಕ್ಕ ಕಾರ್ಮಿಕನ ಕೈಯಲ್ಲೂ ಒಂದು ಪ್ರತಿಯಿರಲಿ. ಅವನು ಓದಲಾರದವನಾದರೆ ಶಾಲೆಗೆ ಹೋಗುವ ಅವನ ಮಗಳು ಓದಿ ಹೇಳಲಿ. ಕೂಲಿಯನ್ನು ಸಾಲಕ್ಕೆ ಮುರಿದುಕೊಳ್ಳದೆ ವಾರವಾರ ಪೂರ್ತಿ ಕೊಡಿ. ಸಾಲ ಬಾಕಿಯಿದ್ದರೂ ಕೆಲಸ ಬಿಟ್ಟು ಹೋಗುವ ಹಕ್ಕು ಅವನಿಗಿದೆಯೆಂದು ಬಾಯಿಬಿಟ್ಟು ಹೇಳಿ. ಹೊರರಾಜ್ಯದ ಕೆಲಸಗಾರನಾದರೆ ದಲ್ಲಾಳಿಯು ಊರಿನಲ್ಲಿಯೇ ಅವನಿಗೆ ಏನು ಕೊಟ್ಟಿದ್ದಾನೆ, ಏನು ಕಿತ್ತುಕೊಂಡಿದ್ದಾನೆ ಎಂದು ವಿಚಾರಿಸಿ. ಆಧಾರ್ ಕಾರ್ಡನ್ನು ನಿಮ್ಮ ಪೆಟ್ಟಿಗೆಯಲ್ಲಿಡಬೇಡಿ. ನೂಲು ಕೊಳ್ಳುವ ವ್ಯಾಪಾರಿಗಳಿಗೆ ನನ್ನದು ಒಂದೇ ಬೇಡಿಕೆ: ರೀಲರ್‌ಗೆ ಹಣವನ್ನು ಹೇಳಿದ ದಿನವೇ ಕೊಡಿ, ಅನಂತರ ಅವನ ಘಟಕಕ್ಕೆ ಹೋಗಿ ಮುಂಗಡದ ಪುಸ್ತಕ ತೋರಿಸೆಂದು ಕೇಳಿ.