ಸಂಘದ ಫೋನು: ತಂತಿಯೋ, ಇಂಟರ್ನೆಟ್ಟೋ?

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘದ ಇಪ್ಪತ್ತೈದು ವರ್ಷದ ಸಾಧನೆಯನ್ನು ಅಧ್ಯಕ್ಷರು ಅಂಕಿ-ಅಂಶ ಸಮೇತ ಹೇಳಿದ್ದಾರೆ. ನಮಗೆ ವಹಿಸಿರುವುದು ಸಣ್ಣ ವಿಷಯ, ಕಚೇರಿಯ ಫೋನು. ಸಣ್ಣದು ಅಂತ ನಾವೂ ತಿಳಿದಿದ್ದೆವು. ಆದರೆ ಆಡಳಿತ ಮಂಡಳಿಯ ಮೂರು ಸಭೆ ಇದಕ್ಕೇ ಹೋಯಿತು. ಬೋನಸ್ ಹಂಚುವಾಗಲೂ ಇಷ್ಟು ಚರ್ಚೆ ಆಗಿರಲಿಲ್ಲ ಮಾರಾಯ್ರೆ.

ಕಾರಣ ನಿಮಗೆ ಗೊತ್ತೇ ಇದೆ. ಹೋದ ಮಳೆಗಾಲದ ಒಂದು ರಾತ್ರಿ ಮೇಲಿನ ಕೇರಿಯ ನಮ್ಮ ಸದಸ್ಯೆಯೊಬ್ಬರ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಆ ತಾಯಿ ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟುಕೊಂಡಿದ್ದು ಒಂದೇ ನಂಬರು, ಸಂಘದ್ದು. ಹನ್ನೊಂದು ಗಂಟೆಯಿಂದ ಮಾಡಿದ್ದಾರೆ, ಮಾಡಿದ್ದಾರೆ. ಯಾರೂ ಎತ್ತಲಿಲ್ಲ. ಕರು ಸತ್ತೇ ಹುಟ್ಟಿತು, ಹಸು ಹೇಗೋ ಉಳಿಯಿತು. ಬೆಳಿಗ್ಗೆ ಡೇರಿಗೆ ಬರಿಗೈಲಿ ಬಂದು, "ಫೋನು ಕೆಟ್ಟಿದೆಯಾ ಅಣ್ಣಾ?" ಅಂತ ಕೇಳಿದರು. ನಾವು ರಿಸೀವರ್ ಎತ್ತಿ ನೋಡಿದರೆ ಡಯಲ್ ಟೋನ್ ಸರಿಯಾಗಿಯೇ ಇದೆ! ಬೀಗ ಹಾಕಿದ ಕಚೇರಿಯಲ್ಲಿ ಅದು ರಾತ್ರಿಯಿಡೀ ಹೊಡೆದುಕೊಂಡಿದೆ. ಆ ತಾಯಿಗೆ ಏನು ಉತ್ತರ ಹೇಳಬೇಕೆಂದು ನಮಗೆ ತೋಚಲಿಲ್ಲ.

ಅದೇ ವಾರ ಸಭೆ ಕರೆದೆವು. ಹುಡುಗರು, ಇಂಟರ್ನೆಟ್ ಫೋನ್ ಹಾಕಿಸಿ, ಖರ್ಚೂ ಕಡಿಮೆ ಅಂದರು. ಹಿರಿಯರು, ತಂತಿ ಫೋನನ್ನು ಮುಟ್ಟಬೇಡಿ, ಎಂಥ ಮಳೆಯಲ್ಲೂ ಕೈಬಿಟ್ಟಿಲ್ಲ ಅಂದರು. ಇನ್ನೊಬ್ಬರು, ಎಲ್ಲರಿಗೂ ವಾಟ್ಸಾಪ್ ಇದೆ, ಫೋನೇ ಯಾಕೆ ಅಂದರು. ಎಲ್ಲರಿಗೂ ಇಲ್ಲ. ಆ ತಾಯಿಯ ಕೈಲಿರುವುದು ಗುಂಡಿ ಒತ್ತುವ ಸಣ್ಣ ಮೊಬೈಲು. ಅದಕ್ಕೆ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಹಿರಿಯರ ಮಾತಿನಲ್ಲಿ ಸತ್ಯ ಇದೆ. 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲಿಗೆ ಕೆಲಸ ಆರಂಭಿಸಿತು. ಹವಾನಿಯಂತ್ರಣ ಇಲ್ಲದ ಸಾಧಾರಣ ಕೋಣೆಯಲ್ಲಿ ನಡೆಯುವಂಥದ್ದು. ಆಮೇಲೆ ಹಳ್ಳಿ ಹಳ್ಳಿಗೆ ಫೋನು ಬಂದದ್ದು ಆ ದಾರಿಯಲ್ಲೇ. ತಾಮ್ರದ ತಂತಿಯ ದೊಡ್ಡ ಗುಣ ಏನೆಂದರೆ ಫೋನಿಗೆ ಬೇಕಾದ ಕರೆಂಟು ಅದರಲ್ಲೇ ಬರುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು. ಊರಿಗೆಲ್ಲ ಕತ್ತಲಾದರೂ ಫೋನು ಮಾತಾಡುತ್ತಿದ್ದುದು ಇದಕ್ಕೇ. ದೋಷವೂ ಇದೆ. ನಮ್ಮ ರಸ್ತೆಯಲ್ಲಿ ಮಳೆಗಾಲ ಬಂದರೆ ಕೇಬಲ್ ಜಾಯಿಂಟಿಗೆ ನೀರು ಹೊಕ್ಕು ಗರಗರ ಶಬ್ದ. ರಿಪೇರಿಯವರು ಬರುವ ಹೊತ್ತಿಗೆ ಬಿಸಿಲು ಬಂದು ಅದು ತಾನಾಗಿ ಸರಿಯಾಗಿರುತ್ತದೆ.

ಇನ್ನು ಇಂಟರ್ನೆಟ್ ಫೋನು. ನಮ್ಮಂಥ ಎಸ್ಸೆಸ್ಸೆಲ್ಸಿಯವರಿಗೆ ಅರ್ಥವಾದಷ್ಟು ಹೇಳುತ್ತೇವೆ. ಹಳೇ ಫೋನಿನಲ್ಲಿ ಮಾತು ಮುಗಿಯುವವರೆಗೆ ದಾರಿ ನಿಮಗೇ ಮೀಸಲು. ಇಂಟರ್ನೆಟ್ಟಿನಲ್ಲಿ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ತುಣುಕಾಗಿ ಕತ್ತರಿಸಿ, ಎಲ್ಲರೂ ಓಡಾಡುವ ದಾರಿಯಲ್ಲಿ ಕಳಿಸುತ್ತಾರೆ. ಆ ಕಡೆ ಮತ್ತೆ ಜೋಡಿಸುತ್ತಾರೆ. ಹಾಲಿನ ಕ್ಯಾನುಗಳು ಸಾಲಾಗಿ ಹೊತ್ತಿಗೆ ಸರಿಯಾಗಿ ಬಂದರೆ ಸರಿ. ನಾಲ್ಕು ಬಂದು ಎರಡು ತಡವಾದರೆ ಮಾತು ತುಂಡಾಗುತ್ತದೆ. ಒಂದು ಗಂಟೆ ಮಾತಿಗೆ ಹೆಚ್ಚೆಂದರೆ 80 ಎಂಬಿ ಆಸುಪಾಸು ಖರ್ಚು, ಅದು ದೊಡ್ಡದಲ್ಲ. ಲೈನು ಒಂದೇ ಹದದಲ್ಲಿ ಇರಬೇಕು, ಅದೇ ಮುಖ್ಯ.

ಇಲ್ಲಿ ಬಹಳ ಜನ ಎಡವುವ ಸಂಗತಿ ಒಂದಿದೆ. ಫೈಬರ್ ಹಾಕಿಸಿ ಅದಕ್ಕೆ ಮನೆಯ ಹಳೇ ಫೋನನ್ನೇ ಸಿಕ್ಕಿಸಿದರೆ ಅದು ಹಳೇ ಪದ್ಧತಿಯ ಫೋನು ಅಂತ ತಿಳಿಯುತ್ತಾರೆ. ಅಲ್ಲ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು. ಕರೆಂಟು ಬರುವುದಿಲ್ಲ. ಗೋಡೆಗೆ ಹಾಕಿದ ಪೆಟ್ಟಿಗೆಗೆ ನಮ್ಮ ಕರೆಂಟೇ ಬೇಕು. ಪಕ್ಕದ ಊರಿನ ಸಂಘದವರು ಹಾಗೆ ಬದಲಾಯಿಸಿಕೊಂಡರು. ಗಾಳಿಮಳೆಗೆ ಕರೆಂಟು ಹೋದ ದಿನ ಅವರ ಬಿಎಂಸಿಯ ಜನರೇಟರೂ ಕೈಕೊಟ್ಟಿತು. ಮೆಕ್ಯಾನಿಕ್‌ಗೆ ತಿಳಿಸೋಣ ಎಂದರೆ ಫೋನಿಗೂ ಜೀವ ಇಲ್ಲ, ಮೊಬೈಲ್ ಟವರೂ ಮಲಗಿತ್ತು. ಕೊನೆಗೆ ಬೈಕಿನಲ್ಲಿ ಹೋದರು. ಅಷ್ಟರಲ್ಲಿ ಹಾಲು ಹುಳಿಯಾಯಿತು.

ನಾವು ಲೆಕ್ಕ ಹಾಕಿದೆವು. ಪೆಟ್ಟಿಗೆಗೂ ಫೋನಿಗೂ ಸೇರಿ 15 ವ್ಯಾಟ್ ಹಿಡಿದರೆ, ಅಂಗಡಿಯಲ್ಲಿ ಸಿಗುವ 12 ವೋಲ್ಟಿನ 7 ಆಂಪಿಯರ್-ಅವರ್ ಸಣ್ಣ ಬ್ಯಾಟರಿ ನಾಲ್ಕು-ಐದು ಗಂಟೆ ಬರಬಹುದು. ನಮ್ಮ ಮಳೆಗಾಲಕ್ಕೆ ಅದು ಎಲ್ಲಿಗೂ ಸಾಲದು. ಆದರೆ ಹಾಲು ಪರೀಕ್ಷೆಯ ಯಂತ್ರಕ್ಕೆಂದು ಸಂಘದಲ್ಲಿ 150 ಆಂಪಿಯರಿನ ಇನ್ವರ್ಟರ್ ಬ್ಯಾಟರಿ ಇದ್ದೇ ಇದೆ. ಅದರಿಂದ ಬೇರೆ ವೈರ್ ಎಳೆಸಿದೆವು.

ನಂಬರಿನ ಪ್ರಶ್ನೆಯೂ ಬಂತು. ಕಂಪನಿ ಬದಲಾಯಿಸಿದರೂ ನಂಬರು ಉಳಿಸಿಕೊಳ್ಳುವ ಸವಲತ್ತು 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂದದ್ದು ಮೊಬೈಲಿಗೆ. ಕಚೇರಿ ಫೋನಿಗಲ್ಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ನಂಬರನ್ನು ಅಳಿಸಿ ಅಂತ ಮನೆ ಮನೆಗೆ ಹೇಳಲು ನಾವು ಸಿದ್ಧರಿರಲಿಲ್ಲ. ಬೇರೆ ಕಂಪನಿಯವರು ತಿಂಗಳಿಗೆ ಸ್ವಲ್ಪ ಅಗ್ಗಕ್ಕೆ ಕೊಡುತ್ತೇವೆ ಅಂದರೂ ಬೇಡವೆಂದು, ಈಗಿರುವವರಲ್ಲೇ ಫೈಬರಿಗೆ ಬದಲಾಯಿಸಿ ಅದೇ ನಂಬರು ಉಳಿಸಿಕೊಂಡೆವು. ಲೆಕ್ಕಪತ್ರದ ಕಂಪ್ಯೂಟರಿಗೂ ಅದೇ ಲೈನು.

ರಾತ್ರಿಯ ಮಾತಿಗೆ ಬರೋಣ. ಸಂಜೆ ಕಚೇರಿ ಮುಚ್ಚುವಾಗ ಕರೆಗಳನ್ನು ಸಂಘದ ಮೊಬೈಲಿಗೆ ತಿರುಗಿಸಿ ಹೋಗುವುದೆಂದು ತೀರ್ಮಾನಿಸಲಾಗಿದೆ. ತಿರುಗಿಸುವ ಕೆಲಸ ಕಂಪನಿಯ ಯಂತ್ರದಲ್ಲೇ ನಡೆಯುವುದರಿಂದ ನಮ್ಮ ಪೆಟ್ಟಿಗೆ ಆರಿದ್ದರೂ ಕರೆ ಹೋಗುತ್ತದೆ. ಬೇಕೆಂದೇ ಸ್ವಿಚ್ ಆರಿಸಿ ಮಾಡಿ ನೋಡಿದ್ದೇವೆ. ಇನ್ನೊಂದು ಮಾತು ಮುಚ್ಚಿಡಬಾರದು. ಕರೆ ತಿರುಗಿಸುವ ಸೌಲಭ್ಯ ಹಳೇ ತಂತಿ ಫೋನಿಗೂ ಇತ್ತು, ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗಿನಿಂದಲೇ. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಹೋಗಿ ಕೇಳಲಿಲ್ಲ. ಆ ಕರುವಿನ ವಿಷಯದಲ್ಲಿ ತಪ್ಪು ತಂತಿಯದಲ್ಲ, ನಮ್ಮದು.

ಟವರ್ ಮಲಗಿದರೆ ಮೊಬೈಲೂ ಇಲ್ಲ, ಅದು ನಿಜ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಚೇರಿಯಲ್ಲಿ ರಾತ್ರಿ ಒಬ್ಬರು ಮಲಗುವುದು, ಗಾಳಿಮಳೆ ಜೋರಿದ್ದ ದಿನ ಕರೆಯನ್ನು ಕಚೇರಿಯಲ್ಲೇ ಉಳಿಸಿಕೊಳ್ಳುವುದು. ಪಶು ಸಂಜೀವಿನಿಯ 1962, ತುರ್ತಿನ 112 ಇವೆರಡೂ ಹೊಸ ಲೈನಿನಿಂದ ಹೋಗುತ್ತವೆಯೇ ಎಂದು ಮೊದಲ ದಿನವೇ ನೋಡಿಕೊಂಡೆವು. ಇಂಟರ್ನೆಟ್ ಕರೆಯ ಎಲ್ಲ ಆ್ಯಪುಗಳಿಂದಲೂ ಇವು ಹೋಗುವುದಿಲ್ಲ, ಮನೆಗೆ ಹಾಕಿಸುವವರು ಕೇಳಿಯೇ ಹಾಕಿಸಿ.

ಸಂಘದ ಮೊಬೈಲು ವಾರಕ್ಕೊಬ್ಬ ನಿರ್ದೇಶಕರ ಹತ್ತಿರ ಇರುತ್ತದೆ. ಸರದಿಯ ಪಟ್ಟಿಯನ್ನು ಹಾಲು ಅಳೆಯುವ ಕಿಟಕಿಯ ಪಕ್ಕ ಅಂಟಿಸಿದೆ. ಮೇಲಿನ ಕೇರಿಯ ಆ ತಾಯಿಯ ಇನ್ನೊಂದು ಹಸುವಿಗೆ ಈಗ ಒಂಬತ್ತನೇ ತಿಂಗಳು. ಈ ವಾರದ ಸರದಿ ನಮ್ಮದೇ.