ಕರುಳಿನ ಕ್ಯಾನ್ಸರ್: ನಾಚಿಕೆ ಬೇಡ, ತಡ ಬೇಡ

(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಮಾತು ಸಂಘದಲ್ಲಿ ದಿನಾ ಇದ್ದದ್ದೇ. ಇಂದು ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ನಾಕು ಮಾತು ಹೇಳಬೇಕೆಂದಿದ್ದೇವೆ. ನಾವು ಡಾಕ್ಟರರಲ್ಲ, ಒಕ್ಕಲುತನದವರು. ಆದರೂ ತಿಳಿದದ್ದನ್ನು ನಾಲ್ವರಿಗೆ ಹಂಚುವುದೇ ಸಹಕಾರ ಧರ್ಮ.

ಗಾಳಿಯೊಳಗಿನ ಆಮ್ಲಜನಕದಿಂದಲೇ ನಮ್ಮ ಜೀವ. ಅದೇ ಗಾಳಿಗೆ ನೇಗಿಲ ಕುಳ ತುಕ್ಕು ಹಿಡೀತದ. ನಮ್ಮ ದೇಹದೊಳಗೂ ಆಮ್ಲಜನಕದಿಂದ ಕೆಟ್ಟ ಕಣಗಳು ಹುಟ್ಟುತ್ತವೆ. ಅವನ್ನು ತಡೆಯಲು ಕಿಣ್ವಗಳೆಂಬ ಕಾವಲುಗಾರರಿದ್ದಾರೆ. ಮೊದಲನೆಯದು ಸೂಪರ್ ಆಕ್ಸೈಡ್ ಡಿಸ್ಮ್ಯೂಟೇಸ್. ಇದರ ಕೆಲಸವನ್ನು 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ ತೋರಿಸಿಕೊಟ್ಟರು. ಇದು ಆ ಕಣವನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಅದನ್ನು ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನಿಬ್ಬರು ನೀರಾಗಿಸುತ್ತಾರೆ. ಗಾಯಕ್ಕೆ ಈ ಪೆರಾಕ್ಸೈಡ್ ಹಾಕಿದಾಗ ಬುರುಬುರು ನೊರೆ ಬರೋದು ನೋಡೀರಲ್ಲ? ಅದು ಕ್ಯಾಟಲೇಸ್ ಮಾಡುವ ಕೆಲಸ. ನಾವು ಹೊಲಕ್ಕೆ ಹಾಕುವ ಜಿಂಕ್ ಮೊದಲನೇ ಕಾವಲುಗಾರನಿಗೂ ಬೇಕು.

ಕಾವಲು ಸೋತರೆ ಜೀವಕೋಶದ ಡಿಎನ್ಎಗೆ ಪೆಟ್ಟು ಬೀಳುತ್ತದೆ. ಇಂಥ ಪೆಟ್ಟುಗಳು ಕೂಡಿದಾಗ ಕರುಳಿನ ಒಳಪದರದಲ್ಲಿ ಸಣ್ಣ ಗಂಟು ಏಳಬಹುದು. ಎಲ್ಲಾ ಗಂಟೂ ಕ್ಯಾನ್ಸರ್ ಆಗೋದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ 10 ವರ್ಷದಷ್ಟು ಕಾಲ ಹಿಡಿಯುತ್ತದೆ. ಕಳೆ ಸಣ್ಣದಿದ್ದಾಗಲೇ ಕಿತ್ತಂತೆ ಗಂಟನ್ನೂ ದುರ್ಬೀನಿನಿಂದ ನೋಡಿ ತೆಗೆದುಹಾಕಬಹುದು.

ಹಾಗಾದರೆ ಶಕ್ತಿ ಗುಳಿಗೆ ನುಂಗಿದರಾಯ್ತಲ್ಲ ಅಂತೀರಿ. ಹಂಗಲ್ಲರಿ. ಬೆಳೆಗೆ ಹಾಕಿದ ಗೊಬ್ಬರ ಕಳೆಯೂ ಉಣ್ಣುತ್ತದೆ. ಕ್ಯಾನ್ಸರ್ ಕೋಶಗಳೂ ಇದೇ ಕಾವಲುಗಾರರ ಆಸರೆ ಪಡೆದು ಬದುಕುತ್ತವೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ಪರೀಕ್ಷೆ ನಡೆಸಿದರು. 1994ರಲ್ಲಿ ಫಲಿತಾಂಶ ಬಂತು: ಬೀಟಾ ಕ್ಯಾರೋಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಅದಕ್ಕೇ ನಮ್ಮ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ ಬಿಡಬಾರದು. ಅವುಗಳ ನಾರು ಕರುಳಿಗೆ ಒಳ್ಳೆಯದು. ಬಿಡಬೇಕಾದದ್ದು ಬೀಡಿ, ಗುಟ್ಕಾ, ಕುಡಿತ.

ಕೊನೆಯ ಮಾತು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾಟಿ ಔಷಧಿಯಲ್ಲೇ ವರ್ಷ ಕಳೆಯುವವರು ನಮ್ಮಲ್ಲಿ ಬಹಳ. ಹೆಣ್ಣುಮಕ್ಕಳಂತೂ ಬಾಯೇ ಬಿಡೋದಿಲ್ಲ. ರಕ್ತ ಬಿದ್ದರೆ, ಹೊರಕಡೆಯ ರೂಢಿ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರಿಗೆ ತೋರಿಸಿರಿ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಸಾಲದ ಕಂತಿಗೆ ತಡವಾದರೆ ಬಡ್ಡಿ ಕಟ್ಟಿ ತೀರಿಸಬಹುದು. ಈ ರೋಗದಲ್ಲಿ ತಡವಾದರೆ ಜೀವವೇ ಹೋದೀತು.