ನುಂಗುವ ನೋವು

(ಬಾನುಲಿ ಭಾಷಣ)

ಕನ್ನಡದಲ್ಲಿ ‘ನುಂಗು’ ಎಂಬ ಕ್ರಿಯಾಪದದ ಹರವು ದೊಡ್ಡದು. ತುತ್ತನ್ನು ನುಂಗುತ್ತೇವೆ, ಅವಮಾನವನ್ನು ನುಂಗುತ್ತೇವೆ, ಆಡಬೇಕೆಂದ ಮಾತನ್ನೂ ನುಂಗಿಕೊಳ್ಳುತ್ತೇವೆ. ಗಂಟಲಲ್ಲಿ ಸಿಕ್ಕಿದ ಬಿಸಿತುಪ್ಪದ ಪಾಡನ್ನು ಬಲ್ಲವರೇ ನಾವೆಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು ಈ ಅರ್ಥಗಳನ್ನೆಲ್ಲ ಕರಿಹಲಗೆಯ ಮೇಲೆ ಬರೆದು ವಿವರಿಸಿದವನೇ. ಆದರೂ ನುಂಗುವುದೆಂದರೆ ಎಷ್ಟು ದೊಡ್ಡ ಕೆಲಸವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಏಳು ವರ್ಷದ ಮೊಮ್ಮಗನ ಹಾಸಿಗೆಯ ಬಳಿ ಕುಳಿತಾಗ.

ನಮ್ಮ ಮನೆ ಚಿಕ್ಕಬಳ್ಳಾಪುರಕ್ಕೆ ಸಮೀಪದ ಕಳವಾರದಲ್ಲಿ, ಬೆಟ್ಟದ ಬುಡದಲ್ಲಿ. ಈಚೆಗೆ ಸ್ಕಂದಗಿರಿ ಎಂದು ಹೆಸರಾಗಿ, ಬೆಂಗಳೂರಿನ ಯುವಕರು ಸೂರ್ಯೋದಯ ನೋಡಲು ಹತ್ತುವ ಬೆಟ್ಟವೇ ನಮ್ಮ ಹಿರಿಯರ ಬಾಯಲ್ಲಿ ಕಳವಾರದ ದುರ್ಗ. ಹುಡುಗ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಿದ್ದ. ಗೊರಕೆ ಒಮ್ಮೊಮ್ಮೆ ತಟ್ಟನೆ ನಿಂತು, ಉಸಿರೂ ನಿಂತು, ಮತ್ತೆ ಬೆಚ್ಚಿಬಿದ್ದವನಂತೆ ಗಾಳಿ ಎಳೆದುಕೊಳ್ಳುತ್ತಿದ್ದ. ಟಾನ್ಸಿಲ್ ಗೆಡ್ಡೆಗಳೆರಡೂ ಒಂದನ್ನೊಂದು ಮುಟ್ಟುವಂತೆ ಬೆಳೆದಿವೆ, ತೆಗೆಯದೆ ವಿಧಿಯಿಲ್ಲ ಎಂದರು ಬೆಂಗಳೂರಿನ ವೈದ್ಯರು.

ಪಠ್ಯಪುಸ್ತಕದವರು ಅದನ್ನು ‘ಗಲಗ್ರಂಥಿ’ ಎನ್ನುತ್ತಾರೆ; ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಆಡಿದ್ದು ಕಾಣೆ. ನನ್ನ ಬಾಲ್ಯದಲ್ಲಿ ಗಂಟಲಿನ ಸಮಸ್ತ ವ್ಯಾಧಿಗೂ ಕಿರುನಾಲಿಗೆಯೇ ಹೊಣೆ. ಕಿರುನಾಲಿಗೆ ಬಿದ್ದಿದೆಯೆಂದು ಅಜ್ಜಿ ನೆತ್ತಿಯ ಕೂದಲು ಹಿಡಿದು ಎಳೆಯುತ್ತಿದ್ದಳು, ಚಮಚದ ಹಿಡಿಗೆ ಉಪ್ಪು ಹಚ್ಚಿ ಒಳಗೆ ಮುಟ್ಟಿಸುತ್ತಿದ್ದಳು. ನಮ್ಮ ಸೀಮೆಯಲ್ಲಿ ಕನ್ನಡದಷ್ಟೇ ತೆಲುಗೂ ಮನೆಮಾತು. ಕಿರುನಾಲಿಗೆಗೆ ಮದ್ದು ಹಾಕಿದರೆ ಇದ್ದ ನಾಲಿಗೆಯೇ ಬಿದ್ದುಹೋಯಿತು ಎಂಬ ಅರ್ಥದ ತೆಲುಗು ಗಾದೆಯೊಂದುಂಟು. ಶಸ್ತ್ರಚಿಕಿತ್ಸೆಯ ಮಾತು ಬಂದ ದಿನ ನನ್ನಾಕೆ ಆ ಗಾದೆಯನ್ನು ಮೂರು ಸಲ ಹೇಳಿದಳು.

ಅವಳ ಅನುಮಾನವನ್ನು ನಾನು ಹಗುರವಾಗಿ ಕಾಣಲಾರೆ. ೧೯೩೪ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಪರಿಶೀಲನೆಯ ಸಂಗತಿ ಕೇಳಿ. ಹನ್ನೊಂದು ವರ್ಷದ ೧೦೦೦ ಶಾಲಾಮಕ್ಕಳಲ್ಲಿ ೬೧೧ ಮಂದಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದ ೩೮೯ ಮಕ್ಕಳನ್ನು ವೈದ್ಯರ ಮುಂದೆ ನಿಲ್ಲಿಸಿದರೆ ೧೭೪ ಮಂದಿಗೆ ತೆಗೆಯಬೇಕೆಂದರು. ಬೇಡವೆನಿಸಿಕೊಂಡ ೨೧೫ ಮಕ್ಕಳನ್ನು ಬೇರೆ ವೈದ್ಯರು ನೋಡಿ ೯೯ ಮಂದಿಗೆ ಬೇಕೆಂದರು. ಮಿಕ್ಕ ೧೧೬ ಮಕ್ಕಳನ್ನು ಮತ್ತೊಮ್ಮೆ ತೋರಿಸಿದಾಗ ಪುನಃ ಅರ್ಧದಷ್ಟು ಮಂದಿಯ ಹೆಸರು ಪಟ್ಟಿಗೆ ಸೇರಿತು! ಈಗ ವೈದ್ಯರು ಅಷ್ಟು ಸುಲಭವಾಗಿ ಕತ್ತರಿಗೆ ಕೈಹಾಕುವುದಿಲ್ಲ. ಪದೇ ಪದೇ ಬರುವ ತೀವ್ರ ಬಾವು, ಇಲ್ಲವೆ ನಿದ್ದೆಯಲ್ಲಿ ಉಸಿರು ಕಟ್ಟುವುದು, ಇಂಥ ಕಾರಣ ಬೇಕು. ನಮ್ಮ ಹುಡುಗನಿಗೆ ಎರಡನೆಯ ಕಾರಣ ಸ್ಪಷ್ಟವಾಗಿಯೇ ಇತ್ತು.

ಶಸ್ತ್ರಚಿಕಿತ್ಸೆ ಸುಗಮವಾಗಿ ಮುಗಿದು, ಮರುದಿನ ಮನೆಗೆ ಕರೆತಂದೆವು. ಹುಡುಗ ಐಸ್‌ಕ್ರೀಂ ತಿಂದು ನಕ್ಕ. ಶೀತವಾಗುತ್ತದೆಂದು ಅಜ್ಜಿ ಗೊಣಗಿದಳು. ತಣ್ಣಗಿನದು ಗಂಟಲಿಗೆ ಹಿತ, ಶೀತದ ಭಯ ಬೇಡ ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಇಷ್ಟೇ ತಾನೆ, ದೊಡ್ಡದು ಮಾಡಿದೆವಲ್ಲ ಎಂದುಕೊಂಡೆ. ಆ ಎಣಿಕೆ ತಪ್ಪು. ಈ ಗಾಯದ ನೋವು ದಿನದಿನಕ್ಕೆ ಇಳಿಯುತ್ತ ಹೋಗುವಂಥದಲ್ಲ. ಎಷ್ಟೋ ಮಕ್ಕಳಿಗೆ ಮೂರನೆಯ ದಿನದಿಂದ ಏಳನೆಯ ದಿನದವರೆಗೆ ಮೊದಲ ದಿನಕ್ಕಿಂತ ಹೆಚ್ಚು ಕಷ್ಟ.

ಮೂರನೆಯ ದಿನ ಹುಡುಗ ಬಾಯಿ ಮುಚ್ಚಿದ. ನೀರಿನ ಲೋಟ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ, ಕಣ್ಣಲ್ಲಿ ನೀರು. ಸೊಸೆಗೆ ಕೆಲಸದ ರಜೆ ಮುಗಿದಿತ್ತು, ಹಗಲು ಕಾವಲು ನನ್ನದು. ನಾನು ಮಾಡಿದ್ದೇನು? ಮಗುವನ್ನು ನೋಯಿಸಬಾರದೆಂದು ಸುಮ್ಮನಿದ್ದೆ. ‘ಬೇಡವೆ ಕಂದ? ಆಮೇಲೆ ಕುಡಿಯುವೆಯಂತೆ’ ಎಂದು ಲೋಟ ಬದಿಗಿಟ್ಟು ತಲೆ ಸವರಿದೆ. ಮಲಗಿದ್ದಾಗ ಎಬ್ಬಿಸಬಾರದೆಂದು ನೋವಿನ ಔಷಧದ ಎರಡು ಹೊತ್ತನ್ನೂ ತಪ್ಪಿಸಿದೆ. ಎರಡು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನದ ಸಂಜೆ ಸೊಸೆ ಬಂದು ಅವನ ತುಟಿ ಮುಟ್ಟಿ ನೋಡಿದಳು, ಬಿರುಕು ಬಿಟ್ಟಿತ್ತು. ‘ಮಾವ, ಇವನು ಮೂತ್ರಕ್ಕೆ ಹೋದದ್ದು ಎಷ್ಟು ಹೊತ್ತಿಗೆ?’ ಎಂದಳು. ನನಗೆ ನೆನಪಿರಲಿಲ್ಲ.

ಅವಳು ನನ್ನನ್ನು ಬೈಯಲಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಔಷಧದ ಹೊತ್ತು, ಕುಡಿದ ಲೋಟ, ಮೂತ್ರ, ಮೂರಕ್ಕೂ ಗೆರೆ ಎಳೆದಳು. ಗಂಟಲು ಅಲುಗಾಡದೆ ಬಿದ್ದರೆ ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮಗು ನುಂಗುವುದಿಲ್ಲ. ಈ ಗಾಣದಿಂದ ಹೊರಬರುವ ದಾರಿ ನುಂಗುವುದೊಂದೇ ಎಂದು ವೈದ್ಯರು ಅವಳಿಗೆ ಹೇಳಿದ್ದರು. ಆದ್ದರಿಂದ ತೂಕ ನೋಡಿ ಬರೆದುಕೊಟ್ಟ ಪ್ಯಾರಸಿಟಮಾಲನ್ನು, ಅಳು ಬರುವ ತನಕ ಕಾಯದೆ, ಗಡಿಯಾರ ನೋಡಿ, ರಾತ್ರಿ ಎಬ್ಬಿಸಿಯಾದರೂ ಕೊಡಬೇಕು. ಕೊಟ್ಟು ಅರ್ಧ ಗಂಟೆಯಾದ ಮೇಲೆ, ನೋವು ತಗ್ಗಿದ ಆ ಹೊತ್ತಿನಲ್ಲಿ, ಕುಡಿಸಬೇಕು, ತಿನ್ನಿಸಬೇಕು. ಅವಳು ಚಮಚ ಹಿಡಿದು ಕುಳಿತಳೆಂದರೆ ಹುಡುಗ ಅತ್ತರೂ ಏಳುತ್ತಿರಲಿಲ್ಲ. ಒಂದು ಗುಟುಕಿಗೆ ಒಂದು ಕಥೆ ಎಂಬ ಕರಾರಾಯಿತು, ಕಥೆ ಹೇಳುವ ಕೆಲಸ ನನಗೆ ಬಂತು. ಬರಿಯ ಕರುಣೆಗಿಂತ ಅದು ನನಗೆ ಒಗ್ಗಿದ ಕೆಲಸ.

ಔಷಧದ ವಿಷಯದಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಮಿಕ್ಕಿರುವ ಕೆಮ್ಮಿನ ಔಷಧವನ್ನೋ ದೊಡ್ಡವರ ನೋವಿನ ಮಾತ್ರೆಯನ್ನೋ ಕೊಡಕೂಡದು. ಕೆಲವು ಕೆಮ್ಮಿನ ಔಷಧಗಳಲ್ಲಿ ಕೊಡೀನ್ ಇರುತ್ತದೆ. ಕೆಲವರ ಶರೀರ ಅದನ್ನು ಬಹು ಬೇಗ ಮಾರ್ಫೀನಾಗಿ ಪರಿವರ್ತಿಸುವುದರಿಂದ ಉಸಿರೇ ನಿಂತು ಮಕ್ಕಳು ಸತ್ತದ್ದುಂಟು. ೨೦೧೩ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಟಾನ್ಸಿಲ್ ತೆಗೆದ ಮಕ್ಕಳಿಗೆ ಅದನ್ನು ಕೊಡಬಾರದೆಂದು ಕಟ್ಟೆಚ್ಚರಿಕೆ ಹೊರಡಿಸಿದರು. ಆಸ್ಪಿರಿನ್ ಕೂಡ ಬೇಡ, ಅದು ರಕ್ತಸ್ರಾವಕ್ಕೆ ಎಡೆಕೊಡುತ್ತದೆ.

ಹುಡುಗ ಕಿವಿ ನೋವೆಂದು ಅತ್ತಾಗ ಅಜ್ಜಿ ಎಣ್ಣೆ ಬಿಸಿಮಾಡಲು ಎದ್ದಳು. ಕಿವಿಯಲ್ಲಿ ಏನೂ ಇರಲಿಲ್ಲ. ಗಂಟಲಿಗೆ ಹೋಗುವ ನರದ ಕವಲೊಂದು ಕಿವಿಗೂ ಹೋಗುವುದರಿಂದ ಗಂಟಲ ನೋವೇ ಕಿವಿಯಲ್ಲಿ ಕೇಳಿಸುತ್ತದೆ. ಬಾಯಿ ತೆರೆಸಿದರೆ ಗಾಯದ ಮೇಲೆ ಬಿಳಿಯ ಪೊರೆ. ಕೀವೆಂದು ಗಾಬರಿಪಡುತ್ತೇವೆ, ಅದು ಮಾಯುವ ಗಾಯದ ಹೊದಿಕೆ. ಉಸಿರು ನಾರುವುದೂ ಅದರಿಂದಲೇ. ಅದನ್ನು ಕೆರೆಯುವುದಾಗಲಿ, ಉಪ್ಪುನೀರಿನಲ್ಲಿ ಜೋರಾಗಿ ಮುಕ್ಕಳಿಸುವುದಾಗಲಿ ಸಲ್ಲದು.

ಊಟಕ್ಕೆ ಪರದೇಶದ ಪಟ್ಟಿಗಳೇನೂ ಬೇಕಿಲ್ಲ. ಆರಿದ ರಾಗಿ ಗಂಜಿ, ಮೆತ್ತಗೆ ಕಲಸಿದ ಅನ್ನ, ಹುಳಿಯಿಲ್ಲದ ಮೊಸರು, ಬಾಳೆಹಣ್ಣು. ಸಾರಿನ ಖಾರ, ಹುಣಿಸೆ, ನಿಂಬೆ ಉರಿಸುತ್ತವೆ. ನಮ್ಮ ಚಿಕ್ಕಬಳ್ಳಾಪುರ ದ್ರಾಕ್ಷಿಯ ನಾಡು. ನೆರೆಯವರು ಪ್ರೀತಿಯಿಂದ ನೀಲಿ ದ್ರಾಕ್ಷಿಯ ರಸ ತಂದುಕೊಟ್ಟರು. ಹುಳಿಯೆಂಬುದು ಒಂದು ದೋಷ. ಇನ್ನೊಂದು ದೋಷ, ಕೆಂಪು ಪಾನೀಯ ಕುಡಿದ ಮಗು ವಾಂತಿ ಮಾಡಿದರೆ ಅದು ರಸವೋ ರಕ್ತವೋ ತಿಳಿಯದು. ಆ ಬಾಟಲಿಯನ್ನು ನಾನೇ ಖಾಲಿ ಮಾಡಿದೆ. ಗಟ್ಟಿ ಆಹಾರವೇ ಬೇಡವೆಂಬ ಹಳೆಯ ಕಟ್ಟುಪಾಡೂ ಈಗ ಸಡಿಲವಾಗಿದೆ. ಇಂಗ್ಲೆಂಡಿನಲ್ಲಿ ಸುಟ್ಟ ಬ್ರೆಡ್ಡನ್ನೇ ಅಗಿದು ತಿನ್ನಲು ಹೇಳುವ ಆಸ್ಪತ್ರೆಗಳಿವೆ.

ಏಳನೆಯ ರಾತ್ರಿ. ನಾನು ಅವನ ಕೋಣೆಯಲ್ಲೇ ಮಲಗಿದ್ದೆ. ಎರಡು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಹುಡುಗ ನಿದ್ದೆಯಲ್ಲಿ ನುಂಗುತ್ತಿದ್ದ. ಒಂದು ಗುಟುಕು, ಮತ್ತೊಂದು, ಮಗುದೊಂದು. ನಾಲ್ಕು ದಿನದಿಂದ ಯಾವ ಸದ್ದಿಗಾಗಿ ಕಾತರಿಸಿದ್ದೆನೋ ಅದೇ ಸದ್ದು. ಒಂದು ಕ್ಷಣ ಸಂತೋಷವೇ ಆಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಹಾಳೆಯ ಕೆಳಗೆ ಸೊಸೆ ಬರೆದಿದ್ದ ಸಾಲು ನೆನಪಾಯಿತು: ‘ನಿದ್ದೆಯಲ್ಲಿ ಪದೇ ಪದೇ ನುಂಗಿದರೆ ದೀಪ ಹಾಕಿ ನೋಡುವುದು.’ ದೀಪ ಹಾಕಿದೆ. ದಿಂಬಿನ ಅಂಚು ಕೆಂಪಾಗಿತ್ತು.

ಐದನೆಯ ದಿನದಿಂದ ಹತ್ತನೆಯ ದಿನದೊಳಗೆ ಆ ಪೊರೆ ಕಳಚುವಾಗ, ನೂರರಲ್ಲಿ ಕೆಲವು ಮಕ್ಕಳಿಗೆ ರಕ್ತ ಒಸರುತ್ತದೆ. ಬೆಳಗಾಗಲಿ ನೋಡೋಣ ಎನ್ನುವ ವಿಷಯವಲ್ಲ ಅದು. ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ರಕ್ತವನ್ನು ನುಂಗಗೊಡದೆ ಉಗುಳಿಸುತ್ತ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ ೧೦೮ಕ್ಕೆ ಕರೆ ಮಾಡಬೇಕು. ಬೆಂಗಳೂರಿನ ವೈದ್ಯರು ಮನೆಗೆ ಕಳುಹಿಸುವ ಮುನ್ನ, ನಿಮ್ಮ ಊರಿನಿಂದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದ್ದರ ಅರ್ಥ ಆಗ ತಿಳಿಯಿತು. ಕಳವಾರದವರು ನಾವು ಪುಣ್ಯವಂತರು, ಪಟ್ಟಣ ಹತ್ತಿರ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಒಳಹಳ್ಳಿಗಳವರು ಆ ಎರಡು ವಾರ ಪಟ್ಟಣದ ನೆಂಟರ ಮನೆಯಲ್ಲಿ ಉಳಿದರೂ ತಪ್ಪಲ್ಲ.

ನೆರೆಯವರ ಕಾರಿನಲ್ಲಿ ಸೊಸೆಯ ತೊಡೆಯ ಮೇಲೆ ಕುಳಿತು ಹುಡುಗ ಪಾತ್ರೆಗೆ ಉಗುಳುತ್ತಿದ್ದ. ಅಳುತ್ತಿರಲಿಲ್ಲ. ಪಟ್ಟಣದಲ್ಲಿ ರಕ್ತನಾಳಕ್ಕೆ ದ್ರವ ಏರಿಸಿ, ಅಲ್ಲಿಂದ ಬೆಂಗಳೂರಿಗೆ ಕಳುಹಿಸಿದರು. ಬೆಳಗಿನ ಹೊತ್ತಿಗೆ ರಕ್ತ ತಾನಾಗಿ ನಿಂತಿತು. ಎರಡು ದಿನ ಇಟ್ಟುಕೊಂಡು ಮನೆಗೆ ಬಿಟ್ಟರು.

ನಾನು ನೀರು ಕುಡಿಸದೆ ಕಳೆದ ಆ ಎರಡು ದಿನಗಳಿಗೂ ಈ ರಾತ್ರಿಗೂ ಸಂಬಂಧವಿತ್ತೆ ಎಂದು ವೈದ್ಯರನ್ನು ಕೇಳಿದೆ. ಹಾಗೆಂದು ಹೇಳಲಾಗದು, ಚೆನ್ನಾಗಿ ಕುಡಿದ ಮಕ್ಕಳಿಗೂ ಹೀಗಾಗುತ್ತದೆ ಎಂದರು. ಆ ಸಮಾಧಾನವನ್ನು ನಾನು ನುಂಗಿದೆ. ಇನ್ನೂ ಪೂರ್ತಿ ಇಳಿದಿಲ್ಲ.

ಮೂರು ವಾರ ಕಳೆದ ಮೇಲೆ ಹುಡುಗ ಶಾಲೆಗೆ ಹೊರಟ. ದನಿ ಕೊಂಚ ಮೂಗಿನಿಂದ ಬರುತ್ತಿತ್ತು, ಅದೂ ಕ್ರಮೇಣ ಸರಿಹೋಯಿತು. ರಾತ್ರಿ ಅವನ ಕೋಣೆ ಎಷ್ಟು ನಿಶ್ಶಬ್ದವೆಂದರೆ, ಹಳೆಯ ಗೊರಕೆಗೆ ಒಗ್ಗಿದ ನಾನು ಎದ್ದು ಹೋಗಿ ಮೂಗಿನ ಬಳಿ ಕೈಹಿಡಿದು ನೋಡುತ್ತಿದ್ದೆ. ಒಂದು ಭಾನುವಾರ ಅಜ್ಜಿ ಮುದ್ದೆ ತೊಳಸುತ್ತಿದ್ದಾಗ ತನಗೂ ಬೇಕೆಂದು ತಟ್ಟೆ ಹಿಡಿದು ಕುಳಿತ. ಮುದ್ದೆಯನ್ನು ಅಗಿಯುವಂತಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಅದು ನಮ್ಮ ಸೀಮೆಯ ಶಿಷ್ಟಾಚಾರ. ಅವನು ಚಿಕ್ಕ ತುತ್ತೊಂದನ್ನು ಮುರಿದು ಬಾಯಿಗಿಟ್ಟ. ನಾವು ಮೂವರೂ ಉಣ್ಣುವುದನ್ನು ಬಿಟ್ಟು ಅವನ ಗಂಟಲನ್ನೇ ನೋಡುತ್ತಿದ್ದೆವು. ‘ತಾತ, ಈಗ ಕಥೆ ಬೇಡ’ ಎಂದ.